ಸತ್ತು ಮರಳಿದವನಲ್ಲಿ ಆತ್ಮನುಂಟೆ?
(ಪಿಂಡಜ್ಞಾನಸ್ಥಲದ ಒಂದು ಪಾಠ)



ಏಕೋತ್ತರಶತಸ್ಥಲಗಳ ಕ್ರಮದಲ್ಲಿ ಮೊದಲನೆಯದು ಪಿಂಡಸ್ಥಲ, ಎರಡನೆಯದು ಪಿಂಡಜ್ಞಾನಸ್ಥಲ. ಈ ದೇಹವೇ ನಾನೋ, ದೇಹದಲ್ಲಿದ್ದು ದೇಹವನ್ನರಿಯುವವನು ನಾನೋ ಎಂಬ ವಿವೇಕವೇ ಪಿಂಡಜ್ಞಾನವು. ಗುರುಕಾರುಣ್ಯ, ಲಿಂಗಧಾರಣ ಮೊದಲಾದ ಸ್ಥಲಗಳಿಗಿಂತ ಮುಂಚೆಯೇ ಪೂರ್ವಾಚಾರ್ಯರು ಇದನ್ನು ಇರಿಸಿರುವುದು ವಿಚಾರಿಸತಕ್ಕ ಸಂಗತಿ. ತಾನಾರೆಂಬ ಶಂಕೆಯೇ ಹುಟ್ಟದವನು ಗುರುವಿನ ಬಳಿಗೆ ಏತಕ್ಕೆ ಹೋದಾನು? ಬಾಯಾರಿಕೆಯಿಲ್ಲದವನಿಗೆ ಬಾವಿಯ ದಾರಿಯನ್ನು ತೋರಿ ಫಲವೇನು?

ಈ ಸ್ಥಲವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಕಾಲಾನುಸಾರವಾಗಿ ವೇಷವನ್ನು ಬದಲಿಸುತ್ತವೆ. ಹಿಂದೆ ಪರಕಾಯಪ್ರವೇಶದ ಕಥೆಗಳನ್ನು ಮುಂದಿಟ್ಟು ಕೇಳುತ್ತಿದ್ದರು. ಈಗ ಪರದೇಶದ ವಿಜ್ಞಾನಕಥೆಗಳನ್ನು ಮುಂದಿಟ್ಟು ಕೇಳುತ್ತಾರೆ. "ಸತ್ತವನೊಬ್ಬನನ್ನು ಯಂತ್ರವಿದ್ಯೆಯಿಂದ ಎಬ್ಬಿಸಿದರಂತೆ, ಎದ್ದವನಲ್ಲಿ ಆತ್ಮನು ಉಂಟೆ, ಇಲ್ಲವೆ? ಉಂಟಾದರೆ ಅವನು ಮೊದಲಿನವನೇ ಏನು?" ಎಂಬುದು ಪ್ರಶ್ನೆ. ಇದು ಕೇವಲ ಮಕ್ಕಳ ಕುತೂಹಲವೆಂದು ತಳ್ಳಿಬಿಡುವಂತಿಲ್ಲ. ನಿಂತ ಹೃದಯವನ್ನು ಮರಳಿ ನಡೆಯಿಸುವ ವೈದ್ಯವಿದ್ಯೆಯು ಇಂದು ನಮ್ಮ ಜಿಲ್ಲಾಸ್ಥಳಗಳಿಗೂ ಬಂದಿದೆ. ಹಾಗೆ ಮರಳಿದವರು ನಮ್ಮ ಭಕ್ತರ ಮನೆಗಳಲ್ಲಿಯೂ ಇದ್ದಾರೆ. ಆದುದರಿಂದ ಈ ಪಾಠದಲ್ಲಿ ಒಂದು ಕಲ್ಪಿತ ಕಥೆಯನ್ನು ನಿಮಿತ್ತವಾಗಿ ಇಟ್ಟುಕೊಂಡು ನಿಜವಾದ ಪ್ರಶ್ನೆಯನ್ನು ವಿಚಾರಿಸೋಣ.

ಕಥೆಗಳ ಪೂರ್ವವೃತ್ತಾಂತ

ಸತ್ತ ದೇಹಕ್ಕೆ ಮನುಷ್ಯನ ವಿದ್ಯೆಯಿಂದ ಮರಳಿ ಚೇತನ ಬರಬಹುದೆಂಬ ಕಲ್ಪನೆಗೆ ಪಾಶ್ಚಾತ್ಯರಲ್ಲಿ ಒಂದು ಇತಿಹಾಸವುಂಟು. ಇಟಲಿಯ ಲುಯಿಜಿ ಗಾಲ್ವಾನಿ ಎಂಬ ಪಂಡಿತನು ಸತ್ತ ಕಪ್ಪೆಯ ಕಾಲುಗಳು ವಿದ್ಯುತ್ತಿನಿಂದ ಅದಿರುವುದನ್ನು ಕಂಡು ೧೭೯೧ರಲ್ಲಿ ಅದನ್ನು ಪ್ರಕಟಿಸಿದನು. ಅವನ ಸೋದರಳಿಯನಾದ ಜೊವಾನಿ ಆಲ್ಡೀನಿಯು ೧೮೦೩ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಲ್ಪಟ್ಟ ಅಪರಾಧಿಯೊಬ್ಬನ ಶವಕ್ಕೆ ವಿದ್ಯುತ್ತನ್ನು ಹಾಯಿಸಿದಾಗ ಆ ಶವದ ದವಡೆ ಅಲುಗಿತು, ಒಂದು ಕಣ್ಣು ತೆರೆಯಿತು. ನೋಡಿದವರು ಬೆರಗಾದರು. ಆದರೆ ತೆರೆದ ಆ ಕಣ್ಣಿನ ಹಿಂದೆ ನೋಡುವವನಿರಲಿಲ್ಲ.

೧೮೧೮ರಲ್ಲಿ ಮೇರಿ ಶೆಲ್ಲಿ ಎಂಬ ಇಂಗ್ಲೆಂಡಿನ ತರುಣಿಯು 'ಫ್ರಾಂಕನ್‌ಸ್ಟೈನ್' ಎಂಬ ಕಾದಂಬರಿಯನ್ನು ಬರೆದು ಪ್ರಕಟಿಸಿದಳು. ಫ್ರಾಂಕನ್‌ಸ್ಟೈನ್ ಎಂಬುದು ಅದರಲ್ಲಿ ಬರುವ ವಿದ್ಯಾರ್ಥಿಯ ಹೆಸರು. ಅವನು ಮೃತಶರೀರಗಳ ಭಾಗಗಳನ್ನು ಕೂಡಿಸಿ ಒಂದು ಆಕಾರವನ್ನು ಮಾಡಿ ಅದಕ್ಕೆ ಜೀವ ಬರಿಸುತ್ತಾನೆ. ಅದು ಕಣ್ದೆರೆದೊಡನೆ ಹೇಸಿ ಓಡಿಹೋಗುತ್ತಾನೆ. ಹೆಸರನ್ನು ಕೂಡ ಪಡೆಯದ ಆ ಜೀವಿಯು ಬಡವರ ಗುಡಿಸಲೊಂದರ ಪಕ್ಕದಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರ ಮಾತನ್ನು ಕೇಳಿ ಭಾಷೆಯನ್ನು ಕಲಿಯುತ್ತದೆ. ಇರುಳಲ್ಲಿ ಯಾರೂ ಕಾಣದಂತೆ ಅವರಿಗಾಗಿ ಸೌದೆ ತಂದಿಡುತ್ತದೆ. ಆ ಮನೆಯ ಕುರುಡ ಮುದುಕನೊಬ್ಬನೇ ಅದರೊಡನೆ ಸೌಜನ್ಯದಿಂದ ಮಾತಾಡುತ್ತಾನೆ. ಕಣ್ಣುಳ್ಳವರು ಬಂದು ಹೊಡೆದು ಓಡಿಸುತ್ತಾರೆ. ಅದರ ಕ್ರೌರ್ಯವೆಲ್ಲವೂ ತಿರಸ್ಕಾರದ ಅನಂತರ ಬಂದದ್ದು. ಇದನ್ನು ನೆನಪಿನಲ್ಲಿಡಿರಿ, ಮುಂದೆ ಪ್ರಯೋಜನಕ್ಕೆ ಬರುವುದು.

ನೀಲಿಕ್ಸನ ಕಥೆ

ಈಗ ವಿದ್ಯಾರ್ಥಿಗಳು ಮುಂದಿಟ್ಟ ಕಥೆ. ೧೯೯೫ರಿಂದ ೨೦೦೧ರವರೆಗೆ ಅಮೆರಿಕೆಯ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್: ವಾಯೇಜರ್' ಎಂಬ ಕಥಾಮಾಲಿಕೆಯು ಪ್ರಸಾರವಾಯಿತು. ಮನೆಯಿಂದ ಬಹುದೂರ ಸಿಲುಕಿಕೊಂಡು ಮರಳಿ ಹೊರಟ ಆಕಾಶನೌಕೆಯೊಂದರ ವೃತ್ತಾಂತವದು. ೧೯೯೭ರ ಡಿಸೆಂಬರಿನಲ್ಲಿ ಪ್ರಸಾರವಾದ 'ಮಾರ್ಟಲ್ ಕಾಯಿಲ್' ಎಂಬ ಭಾಗದಲ್ಲಿ ಈ ಸಂಗತಿ ಬರುತ್ತದೆ.

ನೌಕೆಯ ಅಡಿಗೆಯವನ ಹೆಸರು ನೀಲಿಕ್ಸ್. ಅವನು ಬೇರೊಂದು ಲೋಕದವನು. ಯುದ್ಧದಲ್ಲಿ ತನ್ನ ಕುಟುಂಬವನ್ನೆಲ್ಲ ಕಳೆದುಕೊಂಡವನು. ಮರಣಾನಂತರ ಸತ್ಪುರುಷರು ಒಂದು ಮಹಾವನವನ್ನು ಸೇರುವರೆಂದೂ, ಅಲ್ಲಿ ಒಂದು ಮರದ ಕೆಳಗೆ ತನ್ನವರು ತನಗಾಗಿ ಕಾದಿರುವರೆಂದೂ ಅವನ ದೃಢವಾದ ನಂಬಿಕೆ. ಆ ನಂಬಿಕೆಯ ಊರುಗೋಲಿನಿಂದಲೇ ಅವನು ದುಃಖವನ್ನು ದಾಟಿದ್ದನು. ನೌಕೆಯಲ್ಲಿನ ನೇಯೋಮಿ ಎಂಬ ಸಣ್ಣ ಹುಡುಗಿಗೂ ಆ ವನದ ಕಥೆಯನ್ನು ಹೇಳಿ ಮಲಗಿಸುತ್ತಿದ್ದನು.

ಒಂದು ಅಪಘಾತದಲ್ಲಿ ಅವನು ಸತ್ತನು. ೧೮ ಗಂಟೆಗಳಿಗೂ ಹೆಚ್ಚು ಕಾಲ ಕಳೆದ ಮೇಲೆ 'ಸೆವೆನ್ ಆಫ್ ನೈನ್' ಎಂಬ ಸ್ತ್ರೀಯು ತನ್ನ ರಕ್ತದಲ್ಲಿದ್ದ ಅತಿಸೂಕ್ಷ್ಮವಾದ ಯಂತ್ರಾಣುಗಳನ್ನು ಅವನ ದೇಹಕ್ಕೆ ಸೇರಿಸಿ ಅವನನ್ನು ಎಬ್ಬಿಸಿದಳು. ಎಲ್ಲರೂ ಹರ್ಷಪಟ್ಟರು. ನೀಲಿಕ್ಸನು ಮಾತ್ರ ಕುಸಿದುಹೋದನು. ಏಕೆಂದರೆ ಅವನು ವನವನ್ನು ಕಾಣಲಿಲ್ಲ, ಮರವನ್ನು ಕಾಣಲಿಲ್ಲ, ಸೋದರಿಯನ್ನು ಕಾಣಲಿಲ್ಲ. ಅಲ್ಲಿ ಏನೂ ಇರಲಿಲ್ಲ. ಕೊನೆಗೆ ತನ್ನ ಜೀವವನ್ನು ತಾನೇ ನೀಗಿಕೊಳ್ಳಲು ಹೊರಟನು. ಚಕೋಟೆ ಎಂಬ ಅಧಿಕಾರಿಯು ಬಂದು ಅವನನ್ನು ತಡೆದು ಬಗೆಬಗೆಯಾಗಿ ಹೇಳುತ್ತಿದ್ದಾಗ ನೇಯೋಮಿಯ ತಾಯಿ ಅಲ್ಲಿಗೆ ಬಂದಳು. ಮಗುವು ಹೆದರಿಕೊಂಡಿದೆ, ನಿದ್ರೆ ಮಾಡಲೊಲ್ಲದು, ನೀಲಿಕ್ಸನೇ ಬರಬೇಕೆನ್ನುತ್ತಿದೆ ಎಂದಳು. ಅವನು ಹೊರಟನು, ಮಗುವನ್ನು ಮಲಗಿಸಲು ಹೋದನು. ಕಥೆ ಹೀಗೆ ಮುಗಿಯುತ್ತದೆ. ವನ ಉಂಟೋ ಇಲ್ಲವೋ ಎಂಬುದಕ್ಕೆ ಕಥೆಗಾರರು ತೀರ್ಪು ಕೊಡಲಿಲ್ಲ.

ಪೂರ್ವಪಕ್ಷ

ಇಲ್ಲಿ ಮೂರು ಪಕ್ಷಗಳು ಏಳುತ್ತವೆ.

ಮೊದಲನೆಯದು: ಸತ್ತಿದ್ದವನು ಏನನ್ನೂ ಕಾಣಲಿಲ್ಲ, ಆದುದರಿಂದ ದೇಹವನ್ನು ಬಿಟ್ಟು ಆತ್ಮನೆಂಬ ವಸ್ತುವೇ ಇಲ್ಲ. ಇದು ಚಾರ್ವಾಕಪಕ್ಷವು, ನೀಲಿಕ್ಸನು ಸೇರಿದ್ದೂ ಇದನ್ನೇ.

ಎರಡನೆಯದು: ಆತ್ಮನು ಸತ್ತೊಡನೆಯೇ ಹೊರಟುಹೋದನು, ಯಂತ್ರಾಣುಗಳಿಂದ ಎದ್ದದ್ದು ನಡೆದಾಡುವ ಶವ ಮಾತ್ರ.

ಮೂರನೆಯದು: ಎದ್ದವನಲ್ಲಿ ಆತ್ಮನು ಇರಬಹುದು; ಆದರೆ ಅವನು ಹಳೆಯ ನೀಲಿಕ್ಸನಲ್ಲ, ಬೇರೆಯವನು.

ಸಿದ್ಧಾಂತ

ಮೊದಲನೆಯ ಪಕ್ಷಕ್ಕೆ ಸಮಾಧಾನ. ಗಾಢನಿದ್ರೆಯಿಂದ ಎದ್ದವನು "ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ" ಎನ್ನುತ್ತಾನೆ. ಏನೂ ತಿಳಿಯಲಿಲ್ಲವೆಂದು ಹೇಳುವವನು ಇಲ್ಲದಿದ್ದರೆ ಆ ಮಾತು ಎಲ್ಲಿಂದ ಬಂತು? "ನಿದ್ರೆಯಲ್ಲಿ ಉಸಿರು ನಡೆಯುತ್ತಿತ್ತು, ಇಲ್ಲಿ ಅದೂ ನಿಂತಿತ್ತಲ್ಲ" ಎನ್ನುವಿರಾದರೆ, ಉಸಿರು ನಿಂತುದು ಈ ವಾದವನ್ನು ಇನ್ನಷ್ಟು ಬಲಪಡಿಸುತ್ತದೆ. ಕಾಣುವುದಕ್ಕೆ ಇಂದ್ರಿಯ ಬೇಕು, ನೆನಪಿಗೆ ಮನಸ್ಸು ಬೇಕು. ಈ ಕರಣಗಳೇ ನಿಂತಿದ್ದಾಗ ಕಂಡದ್ದನ್ನು ಬರೆದಿಟ್ಟುಕೊಳ್ಳುವ ಕರಣಿಕನಾರು? ದೀಪವಾರಿದ ಕೋಣೆಯಲ್ಲಿ ಪೆಟ್ಟಿಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಪೆಟ್ಟಿಗೆ ಇಲ್ಲವೆನ್ನಲಾಗದು.

ಇಲ್ಲಿ ಒಂದು ಎಚ್ಚರಿಕೆಯುಂಟು. ಈ ವಾದದಿಂದ ಮಹಾವನವು ಇದೆಯೆಂದು ಸಾಧಿಸಿದಂತಾಗಲಿಲ್ಲ. ಕಾಣಲಿಲ್ಲವೆಂಬುದು ಇಲ್ಲವೆಂಬುದಕ್ಕೆ ಪ್ರಮಾಣವಾಗದೆಂದು ಇಷ್ಟೇ ಸಿದ್ಧವಾಯಿತು. ಅದರಂತೆಯೇ ಸಾವಿನ ಬಾಗಿಲಿನಿಂದ ಮರಳಿದವರು ಬೆಳಕನ್ನು ಕಂಡೆವು, ಹಿರಿಯರನ್ನು ಕಂಡೆವು ಎಂದರೆ ಆ ಮಾತಿನ ಮೇಲೆಯೂ ನಮ್ಮ ಸಿದ್ಧಾಂತವನ್ನು ಕಟ್ಟಲಾಗದು. ಶರಣರ ನಂಬಿಕೆಯು ಒಬ್ಬರು ಕಂಡುಬಂದ ಸುದ್ದಿಯನ್ನು ಆಶ್ರಯಿಸಿ ನಿಂತುದಲ್ಲ.

ಎರಡನೆಯ ಪಕ್ಷಕ್ಕೆ ಸಮಾಧಾನ. ಪ್ರಾಣದ ವ್ಯಾಪಾರವು ಬೇರೆ, ಅರಿವು ಬೇರೆ ಎಂಬುದನ್ನು ಒಪ್ಪೋಣ. ೨೦೧೯ರಲ್ಲಿ ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು, ಸತ್ತು ನಾಲ್ಕು ಗಂಟೆಗಳು ಕಳೆದಿದ್ದ ಹಂದಿಗಳ ಮಿದುಳುಗಳಲ್ಲಿ ಒಂದು ದ್ರಾವಣವನ್ನು ಹರಿಯಿಸಿ ಜೀವಕೋಶಗಳ ಕೆಲವು ಕ್ರಿಯೆಗಳನ್ನು ಮರಳಿಸಿದರು. ಕೋಶಗಳು ಸಕ್ಕರೆಯನ್ನು ಬಳಸಿದವು. ಆದರೆ ಅರಿವಿನ ಲಕ್ಷಣವಾದ ಮಿದುಳಿನ ಒಟ್ಟು ವ್ಯಾಪಾರವು ಕಾಣಲಿಲ್ಲ. ಅದು ಕಾಣದಿರಲೆಂದು ನರಗಳ ಚಟುವಟಿಕೆಯನ್ನು ತಡೆಯುವ ಔಷಧವನ್ನೂ ಅವರು ದ್ರಾವಣದಲ್ಲಿ ಸೇರಿಸಿದ್ದರು. ಹೀಗೆ ಕೋಶದ ಕ್ರಿಯೆ ಇದ್ದು ಅರಿವು ಇಲ್ಲದಿರಬಹುದು. ಆಲ್ಡೀನಿಯ ಶವದ ಕಣ್ಣು ತೆರೆದುದೂ ಈ ಜಾತಿಯದೇ.

ಆದರೆ ನೀಲಿಕ್ಸನ ಸ್ಥಿತಿಯು ಅಂತಹುದೆ? ಅವನು ಅಳುತ್ತಾನೆ; ತನ್ನ ಬಾಳಿಗೆ ಅರ್ಥವುಂಟೆ ಎಂದು ಕೇಳಿಕೊಳ್ಳುತ್ತಾನೆ; ಮಗುವಿಗೆ ತಾನು ಹೇಳಿದ ಕಥೆ ಸುಳ್ಳಾಯಿತೆಂದು ನೋಯುತ್ತಾನೆ. ಶವಕ್ಕೆ ನಂಬಿಕೆ ಮುರಿಯುವುದುಂಟೆ? ನನ್ನಲ್ಲಿ ಆತ್ಮನಿಲ್ಲವೆಂದು ದುಃಖಿಸುವವನು ಯಾವನೋ ಅವನೇ ಆತ್ಮನು. ಮನೆಯೊಳಗೆ ನಿಂತು "ಮನೆಯಲ್ಲಿ ಯಾರೂ ಇಲ್ಲ" ಎಂದು ಕೂಗುವವನ ಮಾತಿನಂತೆ ಅವನ ನಿರಾಶೆಯೇ ಅವನ ಇರವಿಗೆ ಸಾಕ್ಷಿಯಾಗಿದೆ.

"ಹಾಗಾದರೆ ಹೊರಟುಹೋದ ಆತ್ಮನನ್ನು ಮನುಷ್ಯನು ಹಿಡಿದು ತಂದನೇ?" ಎಂಬ ಶಂಕೆ ಬರುವುದು. ಸತ್ತನೆಂಬ ಮಾತು ಲೋಕವ್ಯವಹಾರದ ಮಾತು. ಹಿಂದೆ ಹೃದಯ ನಿಂತರೆ ಸತ್ತನೆನ್ನುತ್ತಿದ್ದರು. ಎದೆಯನ್ನು ಹೊರಗಿನಿಂದ ಒತ್ತಿ ಹೃದಯವನ್ನು ನಡೆಯಿಸುವ ವಿಧಾನವು ೧೯೬೦ರಲ್ಲಿ ಪ್ರಸಿದ್ಧವಾದ ಮೇಲೆ ಆ ಗಡಿಯು ಸರಿಯಿತು. ೧೯೬೮ರಲ್ಲಿ ಹಾರ್ವರ್ಡಿನ ಸಮಿತಿಯೊಂದು ಮಿದುಳಿನ ಮರಣದ ಲಕ್ಷಣಗಳನ್ನು ಹೇಳಿತು. ನಮ್ಮ ದೇಶದ ೧೯೯೪ರ ಅಂಗಕಸಿ ಕಾಯಿದೆಯು ಮಿದುಳುಕಾಂಡದ ಮರಣವನ್ನು ಅಂಗೀಕರಿಸಿತು. ಮನುಷ್ಯನು ಇರಿಸುವ ಗುರುತಿನ ಕಲ್ಲು ಇಂದು ಒಂದೆಡೆ, ನಾಳೆ ಇನ್ನೊಂದೆಡೆ. ಯಾವನು ಮರಳಿ ತನ್ನ ಅರಿವಿನೊಡನೆ ಎದ್ದನೋ ಅವನಿಗೂ ದೇಹಕ್ಕೂ ಇದ್ದ ನಂಟು ಕಡೆಯದಾಗಿ ಹರಿದಿರಲಿಲ್ಲವೆಂದೇ ತಿಳಿಯತಕ್ಕದ್ದು. ವೈದ್ಯನು ಹಣತೆಯನ್ನು ಒರಸಿ, ಎಣ್ಣೆಯೆರೆದು, ಬತ್ತಿಯನ್ನು ನೇರಗೊಳಿಸುತ್ತಾನೆ. ಇದು ದೊಡ್ಡ ಸೇವೆಯೇ ಸರಿ. ಆದರೆ ಬೆಂಕಿಯನ್ನು ಹಣತೆ ಮಾಡುವವನು ಸೃಷ್ಟಿಸಲಿಲ್ಲ. ಚೈತನ್ಯವು ಶಿವನದು, ಯೋಗ್ಯವಾದ ಪಾತ್ರೆಯಲ್ಲಿ ಅದು ತೋರುವುದು.

ಮೂರನೆಯ ಪಕ್ಷಕ್ಕೆ ಸಮಾಧಾನ. ದೇಹವೊಂದೇ ಆಗಿದ್ದು ಆತ್ಮನು ಬೇರೆಯಾದರೆ ಹೇಗಿರುವುದೆಂಬುದಕ್ಕೆ ನಮ್ಮ ಪುರಾತನರ ಚರಿತೆಯಲ್ಲಿಯೇ ದೃಷ್ಟಾಂತವುಂಟು. ಅರವತ್ತುಮೂವರಲ್ಲಿ ಒಬ್ಬರಾದ ತಿರುಮೂಲರು ತಮಿಳುನಾಡಿನ ಕಾವೇರೀತೀರದಲ್ಲಿ ಹೋಗುತ್ತಿದ್ದಾಗ ಮೂಲನೆಂಬ ಗೋವಳನು ಸತ್ತು ಬಿದ್ದಿದ್ದನು. ದನಗಳು ಅವನ ಸುತ್ತ ನಿಂತು ಗೋಳಿಡುತ್ತಿದ್ದುವು. ಅವುಗಳ ದುಃಖವನ್ನು ನೋಡಲಾರದೆ ಆ ಯೋಗಿಯು ಗೋವಳನ ದೇಹವನ್ನು ಹೊಕ್ಕರು. ದನಗಳು ಸಂತೋಷಪಟ್ಟು ಊರಿಗೆ ಮರಳಿದುವು. ಆದರೆ ಮೂಲನ ಹೆಂಡತಿಯು ಬಂದು ಕರೆದಾಗ, ತನಗೂ ಆಕೆಗೂ ನಂಟಿಲ್ಲವೆಂದು ಅವರು ಸರಿದು ನಿಂತರು. ಮುಖ ಅದೇ, ಕೈಕಾಲು ಅವೇ. ಕರೆಗೆ ಓಗೊಡುವವನು ಮಾತ್ರ ಬೇರೆ.

ಇದರ ಎದುರಿಗೆ ಸಿರಿಯಾಳ ಚಂಗಳೆಯರ ಮಗನಾದ ಚೀಲಾಳನನ್ನು ನೆನೆಯಿರಿ. ಜಂಗಮರೂಪದಿಂದ ಬಂದ ಶಿವನಿಗೆ ಅರ್ಪಿತನಾದ ಆ ಬಾಲಕನನ್ನು ತಾಯಿತಂದೆಗಳು ಹೆಸರಿಟ್ಟು ಕರೆದಾಗ ಅವನು ಓಡಿಬಂದನು. ಇವನು ಆ ಚೀಲಾಳನೇ ಅಲ್ಲವೇ ಎಂದು ಅವರು ಪರೀಕ್ಷಿಸಲಿಲ್ಲ. ಕರೆದ ಹೆಸರಿಗೆ, ಕರೆದವರ ಒಲವಿಗೆ, ಅವನು ಬಂದನು, ಅದೇ ಪ್ರಮಾಣವಾಯಿತು.

ನೀಲಿಕ್ಸನು ಯಾರ ಹಾಗೆ? ನೇಯೋಮಿಯ ಕರೆ ಬಂದಾಗ ತಿರುಮೂಲರಂತೆ ಸರಿದು ನಿಲ್ಲಲಿಲ್ಲ. ಮಗುವಿನ ಅಂಜಿಕೆಯನ್ನು ಬಲ್ಲವನಾಗಿ, ಅದು ತನ್ನದೇ ಹೊಣೆಯೆಂದು ತಿಳಿದು ಎದ್ದನು. ನೆನಪು, ನಂಟು, ಹೊಣೆ ಈ ಮೂರೂ ಅವನಲ್ಲಿ ಮುರಿಯದೆ ಬಂದಿವೆ. ಆದುದರಿಂದ ಅವನು ಅವನೇ. ಯಂತ್ರಾಣುಗಳು ಅವನಿಗೆ ಔಷಧಸ್ಥಾನದಲ್ಲಿವೆ. ಊರುಗೋಲು ಹಿಡಿದವನು ಬೇರೊಬ್ಬನಾಗುವುದಿಲ್ಲ. ಇನ್ನು ಫ್ರಾಂಕನ್‌ಸ್ಟೈನನ ಜೀವಿಗೆ ಹಿಂದಿನ ನೆನಪೂ ಇಲ್ಲ, ಹೆಸರೂ ಇಲ್ಲ. ಆದರೂ ಕಾಣದಂತೆ ಸೌದೆ ಹೊತ್ತು ತಂದ ಆ ಕೈಗಳಲ್ಲಿ ಆತ್ಮನಿಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ಅದಕ್ಕೆ ಆತ್ಮನ ಕೊರತೆ ಇರಲಿಲ್ಲ. ನಮ್ಮವನೆಂದು ಎಣಿಸುವ ಮನೆಯ ಕೊರತೆಯಿತ್ತು.

ನೀಲಿಕ್ಸನ ನಿಜವಾದ ನಷ್ಟ

ಇಷ್ಟಾದ ಮೇಲೂ ಒಂದು ವಿಷಯ ಉಳಿಯಿತು. ಅವನು ಕಳೆದುಕೊಂಡುದು ಏನನ್ನು? ಆತ್ಮನನ್ನಂತೂ ಅಲ್ಲ, ಸತ್ತ ಮೇಲೆ ಒಂದು ಸ್ಥಳದಲ್ಲಿ ಸಿಕ್ಕುವುದೆಂದು ನೆಚ್ಚಿದ್ದ ಫಲವನ್ನು. ನಮ್ಮ ಶರಣರು ಇದೇ ಕಾರಣದಿಂದ ಭಕ್ತಿಯನ್ನು ಮರಣಾನಂತರದ ಫಲಕ್ಕೆ ಕಟ್ಟಿಹಾಕಲಿಲ್ಲ. ಬಸವಣ್ಣನವರು ಸ್ವರ್ಗನರಕಗಳನ್ನು ನಮ್ಮ ನಡೆನುಡಿಗಳಲ್ಲಿಯೇ ತೋರಿಸಿದರು. ಈ ದೇಹವನ್ನೇ ಶಿವಾಲಯವನ್ನಾಗಿ ಕಂಡರು. ಗುರುವು ಸ್ಥೂಲತನುವಿಗೆ ಇಷ್ಟಲಿಂಗವನ್ನು, ಸೂಕ್ಷ್ಮತನುವಿಗೆ ಪ್ರಾಣಲಿಂಗವನ್ನು, ಕಾರಣತನುವಿಗೆ ಭಾವಲಿಂಗವನ್ನು ಸಂಬಂಧಿಸಿ ಕೊಡುವುದು ಇಂದಿನ ಈ ಬಾಳಿಗಾಗಿ. ಅಂಗೈಯಲ್ಲಿ ಲಿಂಗವುಳ್ಳವನು ಮರದ ಕೆಳಗೆ ಯಾರು ಕಾದಿದ್ದಾರೆಂದು ಸಾಯುವವರೆಗೂ ಕಾಯಬೇಕಾಗಿಲ್ಲ.

ದೇಹವನ್ನು ಸಾವಿಲ್ಲದಂತೆ ಮಾಡುವುದೂ ಗುರಿಯಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷನು ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದನು. ಅಲ್ಲಮಪ್ರಭುದೇವರು ಹೊಡೆದ ಖಡ್ಗವು ಅದರ ಮೇಲೆ ಖಣಿಲೆಂದಿತು. ಗೋರಕ್ಷನು ಪ್ರಭುವಿನ ಮೇಲೆ ಬೀಸಿದ ಖಡ್ಗವು ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಮುರಿಯದ ದೇಹಕ್ಕಿಂತ 'ನಾನು' ಎಂಬ ಗಂಟಿಲ್ಲದ ಬಯಲು ದೊಡ್ಡದೆಂದು ಗೋರಕ್ಷನು ಅಂದು ತಿಳಿದನು. ಯಂತ್ರದಿಂದ ಎಷ್ಟು ಸಲ ಎದ್ದರೂ ಈ ಪಾಠವನ್ನು ಯಂತ್ರವು ಕಲಿಸದು.

ಹಾಗಾದರೆ ಮುರಿದ ನೀಲಿಕ್ಸನನ್ನು ಎತ್ತಿದ್ದೇನು? ಚಕೋಟೆಯ ತರ್ಕವು ತಡೆಯಿತು, ಎತ್ತಲಿಲ್ಲ. ಮಗುವನ್ನು ಮಲಗಿಸುವ ಸಣ್ಣ ಕೆಲಸವು ಎತ್ತಿತು. ನಮ್ಮವರಿಗೆ ಇದು ಹೊಸದಲ್ಲ. ಆಯ್ದಕ್ಕಿ ಮಾರಯ್ಯನವರು ಪ್ರಭುದೇವರ ಅನುಭಾವದ ಮಾತಿನಲ್ಲಿ ಮುಳುಗಿ ತಮ್ಮನ್ನು ಮರೆತು ನಿಂತಿದ್ದಾಗ, ಮಡದಿಯಾದ ಲಕ್ಕಮ್ಮನವರು ಕಾಯಕ ನಿಂತುದನ್ನು ನೆನಪಿಸಿ ಕಳುಹಿದರು. ಮಾರಯ್ಯನವರು ಆನಂದದಲ್ಲಿ ಮರೆತಿದ್ದರು, ನೀಲಿಕ್ಸನು ನಿರಾಶೆಯಲ್ಲಿ ಮರೆತಿದ್ದನು. ಇಬ್ಬರನ್ನೂ ತಮ್ಮ ನೆಲೆಗೆ ತಂದುದು ಒಂದೇ, ಕಾಯಕದ ಕರೆ. ಕಾಯಕದಲ್ಲಿ ತೊಡಗಿದವನಿಗೆ ತಾನಿದ್ದೇನೆಯೋ ಇಲ್ಲವೋ ಎಂಬ ಶಂಕೆಯು ನಿಲ್ಲುವುದಿಲ್ಲ. ದಾಸೋಹದಲ್ಲಿ ನೀಡುವ ಕೈಯು ತನ್ನನ್ನು ತಾನೇ ಬಲ್ಲುದು.

ಗೃಹಸ್ಥರು ಆಚರಿಸತಕ್ಕದ್ದು

ಮೊದಲನೆಯದಾಗಿ, ನಿಮ್ಮ ಮನೆಯವರೊಬ್ಬರು ಸಾವಿನ ಬಾಗಿಲಿನಿಂದ ಮರಳಿ "ನನಗೇನೂ ಕಾಣಲಿಲ್ಲ, ಈ ಪೂಜೆ ಪುನಸ್ಕಾರಗಳೆಲ್ಲ ಏತಕ್ಕೆ?" ಎಂದರೆ ಅವರನ್ನು ನಾಸ್ತಿಕರೆಂದು ಜರೆಯಬೇಡಿರಿ, ವಾದಕ್ಕೂ ಇಳಿಯಬೇಡಿರಿ. ಅವರ ಕೈಲಾಗುವ ಒಂದು ಕೆಲಸವನ್ನು ಅವರಿಗೆ ಒಪ್ಪಿಸಿರಿ. ಮೊಮ್ಮಗನಿಗೆ ಅಕ್ಷರ ತಿದ್ದಿಸಲಿ, ಪೂಜೆಗೆ ಪತ್ರೆ ಬಿಡಿಸಲಿ. ನೀವಿಲ್ಲದೆ ಇದು ನಡೆಯದೆಂದು ಹೇಳಿರಿ.

ಎರಡನೆಯದಾಗಿ, ಮರಳಿದವರಿಗೆ ನೆನಪು ಮಬ್ಬಾಗಿದ್ದರೆ, ಗುಣ ಬದಲಾಗಿದ್ದರೆ, "ಇವರು ನಮ್ಮ ಹಿಂದಿನ ಅಪ್ಪನಲ್ಲ" ಎಂದು ಅವರ ಎದುರಿನಲ್ಲಿ ಆಡಿಕೊಳ್ಳಬೇಡಿರಿ. ನೆನಪು ಕರಣದ ಧರ್ಮ. ಕರಣವು ಪೆಟ್ಟು ತಿಂದರೆ ಕರ್ತನು ಇಲ್ಲವಾಗುವುದಿಲ್ಲ. ಅವರು ನಂಟನ್ನು ಮರೆತಿದ್ದರೆ ಅವರ ಪಾಲಿನದನ್ನೂ ನೀವೇ ಹಿಡಿದುಕೊಳ್ಳಿರಿ. ಹೆಸರು ಹಿಡಿದು, ವಾಡಿಕೆಯ ಸಂಬಂಧದಿಂದಲೇ ಕರೆಯಿರಿ. ಅವರ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪಕ್ಕದಲ್ಲಿ ಕುಳಿತು ಪಂಚಾಕ್ಷರಿಯನ್ನು ಮೆಲ್ಲನೆ ನುಡಿಯಿರಿ.

ಮೂರನೆಯದಾಗಿ, ಎಷ್ಟೋ ಮನೆಗಳಲ್ಲಿ ವೈದ್ಯರು ಎಲ್ಲವನ್ನೂ ಮಾಡಿದರೂ ಹೋದವರು ಮರಳಲಿಲ್ಲ. ಅಂಥವರ ಮೇಲೆ ಶಿವನ ಕೃಪೆ ಕಡಿಮೆಯಾಯಿತೆಂದು ಯಾರೂ ಎಣಿಸಬಾರದು. ಮರಳಿದವರಿಗೆ ಕಾಯಕ ಉಳಿದಿತ್ತು. ಲಿಂಗೈಕ್ಯರಾದವರ ಕಾಯಕವನ್ನು ಉಳಿದವರು ಹೊರತಕ್ಕದ್ದು. ಅವರು ನಡೆಯಿಸುತ್ತಿದ್ದ ದಾಸೋಹವನ್ನು ನಿಲ್ಲಗೊಡದಿರುವುದೇ ಅವರಿಗೆ ಸಲ್ಲಿಸುವ ಸೇವೆ.

ಮನನಕ್ಕೆ

೧. "ನಾನು ಇಲ್ಲ" ಎಂದು ಹೇಳುವವನು ಯಾರು?
೨. ತಿರುಮೂಲರ ದೃಷ್ಟಾಂತದಿಂದಲೂ ಚೀಲಾಳನ ದೃಷ್ಟಾಂತದಿಂದಲೂ 'ಅವನೇ ಇವನು' ಎಂಬುದನ್ನು ಹೇಗೆ ಅರಿಯಬಹುದು?
೩. ನಾಳೆ ಸಿಕ್ಕುವ ಫಲವೆಂಬುದು ಯಾವುದೂ ಇಲ್ಲವೆಂದು ತಿಳಿದರೂ ನಾನು ಬಿಡದೆ ಮಾಡುವ ಕಾಯಕ ಯಾವುದು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಬರೆದಿಡಬೇಕಾಗಿಲ್ಲ; ನಾಳೆ ಬೆಳಗಿನಿಂದ ನಡೆದು ತೋರಿದರೆ ಸಾಕು.

ಶಿವಾರ್ಪಣಮಸ್ತು.